ಜಡಿಮಳೆಯ ವಾರಾಂತ್ಯಕ್ಕೆ ವಿಷುಯಲ್ ನಾವೆಲ್: ಮಲೆನಾಡಿನ ಓದುಗರಿಗೆ ಒಂದು ಮಾರ್ಗದರ್ಶಿ

ಜೂನ್ ಕೊನೆಯ ವಾರದಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಶನಿವಾರ ಸಂಜೆಗೆ ಮಾಡಲು ಉಳಿಯುವ ಕೆಲಸ ಬಹಳ ಕಡಿಮೆ. ವಾರವಿಡೀ ಶಿವಮೊಗ್ಗದಲ್ಲಿ ನೌಕರಿ ಮಾಡಿ, ಶನಿವಾರದ ಬಸ್ಸಿಗೆ ಊರಿಗೆ ಬಂದು, ಹಂಡೆಯ ಬಿಸಿನೀರಿನಲ್ಲಿ ಮಿಂದು, ಕಾಫಿ ಕುಡಿದು ಕೂತವನಿಗೆ ಮುಂದಿನ ನಾಲ್ಕೈದು ಗಂಟೆ ಖಾಲಿಯಾಗಿಯೇ ಸಿಗುತ್ತವೆ. ಆ ಹೊತ್ತನ್ನು ಫೋನಿನ ಪರದೆಯ ಮೇಲೆ ಬೆರಳಾಡಿಸುತ್ತಲೇ ಕಳೆದು, ಭಾನುವಾರ ರಾತ್ರಿ ಇನ್ನಷ್ಟು ದಣಿದು ಮಲಗಿದ ವಾರಗಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ. ಜಪಾನಿನ ವಿಷುಯಲ್ ನಾವೆಲ್ ಮತ್ತು ಅನಿಮೆ, ಅಂದರೆ ಅಲ್ಲಿನ ಅನಿಮೇಶನ್ ಸರಣಿಗಳು, ಈ ಹೊತ್ತಿಗೆ ಚೆನ್ನಾಗಿ ಹೊಂದುತ್ತವೆ ಎಂಬುದು ಕೆಲವು ಮಳೆಗಾಲಗಳ ಅನುಭವದಿಂದ ನನಗೆ ತಿಳಿದುಬಂದಿದೆ. ಆದರೆ ಯಾವುದನ್ನು, ಯಾವಾಗ, ಹೇಗೆ ಓದಬೇಕೆಂಬುದನ್ನು ಸ್ವಲ್ಪ ಮೊದಲೇ ಯೋಚಿಸಿಕೊಳ್ಳದಿದ್ದರೆ ಇವೂ ಮತ್ತೊಂದು ದಣಿವಾಗಿಬಿಡುತ್ತವೆ.

ವಿಷುಯಲ್ ನಾವೆಲ್ ಎಂದರೆ ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಓದುವ ಕಥೆ. ಹಿಂದೆ ಒಂದು ಸ್ಥಳದ ಚಿತ್ರ, ಅದರ ಮುಂದೆ ನಿಂತ ಪಾತ್ರ, ಕೆಳಗಿನ ಪಟ್ಟಿಯಲ್ಲಿ ಒಂದೊಂದೇ ಸಾಲಾಗಿ ಬರುವ ಮಾತು, ಹಿನ್ನೆಲೆಗೆ ಸಂಗೀತ. ಸಾಲು ಓದಿ ಮುಗಿದ ಮೇಲೆ ಒಮ್ಮೆ ಒತ್ತಿದರೆ ಮುಂದಿನ ಸಾಲು ಬರುತ್ತದೆ. ನಡುನಡುವೆ, ನೀವು ಏನು ಮಾಡುವಿರಿ ಎಂದು ಕೇಳುವ ಆಯ್ಕೆಗಳು ಬರುತ್ತವೆ ಮತ್ತು ಕಥೆ ಅದಕ್ಕೆ ತಕ್ಕಂತೆ ಕವಲೊಡೆಯುತ್ತದೆ. 1992ರಲ್ಲಿ ಚುನ್‌ಸಾಫ್ಟ್ ಸಂಸ್ಥೆ ಇಂಥದ್ದನ್ನು ಸೌಂಡ್ ನಾವೆಲ್ ಎಂದು ಕರೆಯಿತು. 1996ರಲ್ಲಿ ಲೀಫ್ ಎಂಬ ಇನ್ನೊಂದು ಸಂಸ್ಥೆ ತನ್ನ ಮಾಲಿಕೆಗೆ ವಿಷುಯಲ್ ನಾವೆಲ್ ಎಂದು ಹೆಸರಿಟ್ಟ ಮೇಲೆ ಆ ಹೆಸರೇ ನಿಂತಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವಾಗ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಿನಿಂದಲೇ ಇಡೀ ಕುರುಕ್ಷೇತ್ರವನ್ನು ಕಟ್ಟುತ್ತಾರೆ, ಭಾಗವತರ ಪದ ಮತ್ತು ಮದ್ದಳೆ ಅದಕ್ಕೆ ಹಿಮ್ಮೇಳ. ಸಂಧಾನ ಮುರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಕೃಷ್ಣನೂ ಕೌರವನೂ ಈ ರಾತ್ರಿ ಯಾವ ದಾರಿ ಹಿಡಿದು ಅಲ್ಲಿಗೆ ಮುಟ್ಟುತ್ತಾರೆ ಎಂಬ ಕುತೂಹಲಕ್ಕಾಗಿ ಜನ ಕೂರುತ್ತಾರೆ. ತಾಳಮದ್ದಳೆಗೆ ಕೂರುವ ವ್ಯವಧಾನವಿದ್ದವರಿಗೆ ವಿಷುಯಲ್ ನಾವೆಲ್ ಕಷ್ಟವಾಗುವುದಿಲ್ಲ. ಆ ವ್ಯವಧಾನವಿಲ್ಲದೆ ಇದನ್ನು ವಿಡಿಯೋ ಗೇಮ್ ಎಂದುಕೊಂಡು ಕೂತವರು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಮೊದಲ ಸಲ ನನ್ನ ಹಿಂದೆ ನಿಂತು ನೋಡಿದ ಅಮ್ಮ, "ಎಂತ ಮಾರಾಯ ಇದು, ಆಗಿಂದ ನೋಡ್ತಿದೀನಿ, ಆ ಹುಡುಗಿ ನಿಂತೇ ಇದೆ. ಕೂತ್ಕಳಕ್ಕಾದ್ರೂ ಹೇಳು ಅದಕ್ಕೆ" ಎಂದಿದ್ದರು.

ಮೊದಲ ಹೆಜ್ಜೆ: ನಿಮ್ಮ ವಾರಾಂತ್ಯವನ್ನು ಅಳೆಯಿರಿ

ಕಥೆಯನ್ನು ಆರಿಸುವ ಮೊದಲು ನಿಮಗೆ ನಿಜವಾಗಿ ಸಿಗುವ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಾರಾಂತ್ಯ ಎಂದರೆ 48 ಗಂಟೆ ಎಂಬುದು ಕ್ಯಾಲೆಂಡರಿನ ಮಾತು. ನನ್ನ ಲೆಕ್ಕದಲ್ಲಿ ಶನಿವಾರ ಸಂಜೆ 6ರಿಂದ ರಾತ್ರಿ 10ರವರೆಗೆ, ಭಾನುವಾರ ಊಟವಾದ ಮೇಲೆ 2ರಿಂದ 5ರವರೆಗೆ, ಒಟ್ಟು ಏಳು ಗಂಟೆ. ಅದರಲ್ಲಿ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಬರುವುದು, ದಿಢೀರನೆ ಬರುವ ನೆಂಟರೊಂದಿಗೆ ಮಾತು, ಎರಡು ಸಲ ಕರೆಂಟು ಹೋಗುವುದು ಇವನ್ನೆಲ್ಲ ಕಳೆದರೆ ಕೈಗೆ ಉಳಿಯುವುದು ಐದು ಗಂಟೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇರುವ ಬ್ಯಾಂಕಿನವರಿಗೆ ಇನ್ನೂ ಮೂರು ಗಂಟೆ ಸೇರಬಹುದು.

ಈ ಲೆಕ್ಕ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಡಿಕೆ ಕೊಯ್ಲು ಶುರುವಾಗಿ ಅಂಗಳದ ತುಂಬ ಗೊನೆ ಬಿದ್ದಿರುವಾಗ ಓದುವ ಕಥೆಯನ್ನು ಮರೆತುಬಿಡುವುದು ಒಳ್ಳೆಯದು. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತವನು ಸಬ್‌ಟೈಟಲ್ ಓದಲು ಹೋದರೆ ಬೆರಳು ಹೋಗುತ್ತದೆ. ಆ ದಿನಗಳಲ್ಲಿ ಕಿವಿಗೆ ಹಾಡು ಸಾಕು. ದೀರ್ಘ ಓದಿಗೆ ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗಿನ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ ಎಂಟು ವಾರಾಂತ್ಯಗಳೇ ನಮ್ಮ ಸುಗ್ಗಿ.

ಎರಡನೆಯ ಹೆಜ್ಜೆ: ಗಂಟೆಗೆ ತಕ್ಕ ಕಥೆಯನ್ನು ಆರಿಸಿ

ಹೊಸಬರು ಎಡವುವುದು ಇಲ್ಲಿಯೇ. ಯಾರೋ ಶ್ರೇಷ್ಠ ಎಂದರೆಂದು ನೂರು ಗಂಟೆಯ ಕಥೆಯನ್ನು ಹಿಡಿದು, ಮೂರನೆಯ ವಾರಕ್ಕೆ ಪಾತ್ರಗಳ ಹೆಸರೇ ಮರೆತು, ನಾಲ್ಕನೆಯ ವಾರಕ್ಕೆ ಕೈಬಿಡುತ್ತಾರೆ. ಅಭಿಮಾನಿಗಳೇ ಕಟ್ಟಿದ ವಿಎನ್‌ಡಿಬಿ ಎಂಬ ಜಾಲತಾಣದಲ್ಲಿ ಸಾವಿರಾರು ವಿಷುಯಲ್ ನಾವೆಲ್‌ಗಳನ್ನು ಉದ್ದದ ಪ್ರಕಾರ ವಿಂಗಡಿಸಿದ್ದಾರೆ: 2 ಗಂಟೆಗಿಂತ ಕಡಿಮೆಯವು ಅತಿ ಚಿಕ್ಕವು, 2ರಿಂದ 10 ಗಂಟೆಯವು ಚಿಕ್ಕವು, 10ರಿಂದ 30 ಮಧ್ಯಮ, 30ರಿಂದ 50 ದೀರ್ಘ, ಅದಕ್ಕೂ ಮೇಲಿನವು ಅತಿ ದೀರ್ಘ. ಒಂದು ಎಚ್ಚರಿಕೆ: ನಾವು ಓದುವುದು ಬಹುಮಟ್ಟಿಗೆ ಇಂಗ್ಲಿಷ್ ಅನುವಾದವನ್ನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರು ಅಲ್ಲಿ ಕೊಟ್ಟ ಗಂಟೆಗೆ ಅರ್ಧದಷ್ಟು ಸೇರಿಸಿಕೊಂಡರೆ ನಿರಾಳವಾಗಿ ಓದಬಹುದು.

ಮೊದಲ ಓದಿಗೆ ನಾನು ಯಾರಿಗಾದರೂ ಸೂಚಿಸುವುದು ಪ್ಲಾನೆಟೇರಿಯನ್. ಕೀ ಎಂಬ ಸಂಸ್ಥೆ 2004ರಲ್ಲಿ ಹೊರತಂದ ಈ ಕಥೆಯಲ್ಲಿ ಆಯ್ಕೆಗಳೇ ಇಲ್ಲ. ಇಂಥದ್ದನ್ನು ಕೈನೆಟಿಕ್ ನಾವೆಲ್ ಎನ್ನುತ್ತಾರೆ. ಯುದ್ಧದಿಂದ ಹಾಳಾಗಿ ಜನ ಬಿಟ್ಟುಹೋದ ನಗರ, ನಿಲ್ಲದೆ ಸುರಿಯುವ ಮಳೆ, ಒಂದು ಅಂಗಡಿ ಸಂಕೀರ್ಣದ ತುದಿಯಲ್ಲಿ ಉಳಿದುಕೊಂಡ ತಾರಾಲಯ, ಅಲ್ಲಿ ಸುಮಾರು 30 ವರ್ಷಗಳಿಂದ ಪ್ರೇಕ್ಷಕರಿಗಾಗಿ ಕಾಯುತ್ತಿರುವ ಯುಮೆಮಿ ಎಂಬ ರೋಬೋಟ್ ಹುಡುಗಿ. ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದವನನ್ನು ಅವಳು ತಾರಾಲಯದ 25 ಲಕ್ಷನೆಯ ಅತಿಥಿ ಎಂದು ಸ್ವಾಗತಿಸುತ್ತಾಳೆ. ನಿಜವಾದ ಸಂಖ್ಯೆ ಅದಕ್ಕಿಂತ ಕೆಲವು ಸಾವಿರ ಕಡಿಮೆ, ಕಾದು ಕಾದು ಅವಳೇ ಅದನ್ನು ದುಂಡಗೆ ಮಾಡಿಕೊಂಡಿರುತ್ತಾಳೆ. ಹೊರಗೆ ಹೆಂಚಿನ ಮೇಲೆ ಬೀಳುವ ಮಳೆ ಯಾವುದು, ಕಥೆಯೊಳಗಿನ ಮಳೆ ಯಾವುದು ಎಂದು ತಿಳಿಯದ ಹಾಗೆ ಓದಿಸಿಕೊಂಡು ಹೋಗುವ ಇದನ್ನು ಶನಿವಾರ ಆರಂಭಿಸಿ ಭಾನುವಾರ ಮುಗಿಸಬಹುದು. ಬಿಸಿಲಿನ ಏಪ್ರಿಲ್‌ನಲ್ಲಿ ದಯವಿಟ್ಟು ಓದಬೇಡಿ.

ಇದಾದ ಮೇಲೆ ಕವಲುಗಳಿರುವ ದೀರ್ಘ ಕಥೆಗೆ ಹೋಗಬಹುದು. ಹಿಂದಿನ ಕಾಲಕ್ಕೆ ಸಂದೇಶ ಕಳಿಸುವ ಗೆಳೆಯರ ಗುಂಪಿನ ಕಥೆಯಾದ, 2009ರ ಸ್ಟೈನ್ಸ್ ಗೇಟ್ 30 ಗಂಟೆಗೂ ಮೀರುತ್ತದೆ; ಇದಕ್ಕೆ ಇಡೀ ಮಳೆಗಾಲವನ್ನೇ ಕೊಡಿ. ಕ್ಲನ್ನಾಡ್ ಇನ್ನೂ ದೊಡ್ಡದು. ಎರಡು ಮಳೆಗಾಲ ಬೇಕಾದೀತು.

ವಯಸ್ಸಿನ ವಿಷಯವನ್ನು ಮರೆಯಬಾರದು. ಈ ಪ್ರಕಾರದ ಒಂದು ದೊಡ್ಡ ಭಾಗ ಬೆಳೆದದ್ದು ವಯಸ್ಕರ ಮಾರುಕಟ್ಟೆಯಲ್ಲಿ. ಮುದ್ದಾದ ಚಿತ್ರ ನೋಡಿ ಮನೆಯ ಮಕ್ಕಳ ಕೈಗೆ ಕೊಟ್ಟರೆ ಪೇಚಾಟವಾಗುತ್ತದೆ. 2017ರಲ್ಲಿ ಉಚಿತವಾಗಿ ಬಂದ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಹೊರನೋಟಕ್ಕೆ ಶಾಲೆಯ ಸಾಹಿತ್ಯ ಸಂಘದ ಸರಸ. ಒಳಗೆ ಮನಸ್ಸನ್ನು ಕಲಕುವ ಭಯಾನಕ ಕಥೆ, ಮಕ್ಕಳಿಗೂ ಬೇಗ ಕಂಗೆಡುವವರಿಗೂ ಇದು ತಕ್ಕದ್ದಲ್ಲವೆಂದು ಆರಂಭದಲ್ಲಿಯೇ ಹೇಳುತ್ತದೆ. ಆ ಎಚ್ಚರಿಕೆಯನ್ನು ನಂಬಿ.

ಅನಿಮೆಗೆ ಲೆಕ್ಕ ಸುಲಭ. ಒಂದು ಕಂತು ಸುಮಾರು 24 ನಿಮಿಷ. ಆರಂಭದ ಹಾಡು ಒಂದೂವರೆ ನಿಮಿಷ, ಕೊನೆಯ ಹಾಡು ಅಷ್ಟೇ. ಹಾಡುಗಳನ್ನು ಬಿಟ್ಟರೆ 12 ಕಂತಿನ ಒಂದು ಸರಣಿಗೆ 4 ಗಂಟೆ 12 ನಿಮಿಷ ಸಾಕು, ಅಂದರೆ ನಮ್ಮ ಐದು ಗಂಟೆಯ ಚೀಟಿಯಲ್ಲಿ ಅದು ಕೂರುತ್ತದೆ. ಹಾಗೆಂದು ಎಲ್ಲವನ್ನೂ ಒಂದೇ ಉಸಿರಿಗೆ ನೋಡುವುದನ್ನು ನಾನು ಒಪ್ಪುವುದಿಲ್ಲ. ಎಂಟನೆಯ ಕಂತಿನ ಹೊತ್ತಿಗೆ ಕಣ್ಣು ನೋಡುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ. ಮೇಲಿಂದ ಮೇಲೆ ಎದ್ದು ಹೋಗಬೇಕಾದ ಮನೆಗಳಿಗೆ ಮುಶಿಶಿಯಂಥ ಸರಣಿ ಒಳ್ಳೆಯದು. 2005ರಲ್ಲಿ ಆರಂಭವಾದ ಇದರ 26 ಕಂತುಗಳಲ್ಲಿ ಪ್ರತಿಯೊಂದೂ ಬೇರೆಯದೇ ಕಥೆ. ಗಿಂಕೋ ಎಂಬ ಅಲೆಮಾರಿ ವೈದ್ಯನೊಬ್ಬ ಬೆಟ್ಟದ ಹಳ್ಳಿಗಳಲ್ಲಿ ತಿರುಗುತ್ತ, ಕಣ್ಣಿಗೆ ಕಾಣದ ಜೀವಗಳಿಂದ ಜನರಿಗಾಗುವ ತೊಂದರೆಯನ್ನು ನಿವಾರಿಸುತ್ತಾನೆ. ಕಾನಿನ ದೇವರಿಗೆ ಕಾಯಿ ಒಡೆಸಿ ಬರುವ ನಮಗೆ ಅದರಲ್ಲಿ ಅಪರಿಚಿತವಾದದ್ದು ಕಡಿಮೆ. ಇಂಥ ನಿಧಾನದ, ಮನಸ್ಸನ್ನು ತಣಿಸುವ ಅನಿಮೆಗಳಿಗೆ ಜಪಾನಿನಲ್ಲಿ ಇಯಾಶಿಕೇ ಎಂಬ ಹೆಸರೇ ಇದೆ. ಕಾದಾಟದ ಸರಣಿಗಳು ನನಗೂ ಇಷ್ಟ, ಆದರೆ ಅವನ್ನು ವಾರದ ನಡುವಿಗೆ ಇಟ್ಟುಕೊಳ್ಳುತ್ತೇನೆ.

ಮೂರನೆಯ ಹೆಜ್ಜೆ: ಪೇಟೆ ಬಿಡುವ ಮೊದಲೇ ಇಳಿಸಿಕೊಳ್ಳಿ

ಶುಕ್ರವಾರ ರಾತ್ರಿ ಶಿವಮೊಗ್ಗದ ರೂಮಿನಲ್ಲಿ ಮಾಡಬೇಕಾದ ಕೆಲಸವಿದು. ಮಂಡಗದ್ದೆ ದಾಟಿದ ಮೇಲೆ ನೆಟ್‌ವರ್ಕನ್ನು ನಂಬಿ ಯಾವ ಯೋಜನೆಯನ್ನೂ ಹಾಕಬಾರದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರೂಪಾಯಿಯಲ್ಲೇ ಕೊಳ್ಳಬಹುದು. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಓದಿದ್ದರೆ, ಹಣ ವಾಪಸು ಕೇಳುವ ಅವಕಾಶವೂ ಇದೆ. ಉಚಿತ ಹಾಗೂ ಹವ್ಯಾಸಿಗಳ ಕೃತಿಗಳಿಗೆ ಇಚ್ ಎಂಬ ತಾಣವಿದೆ. ಇಳಿಸಿಕೊಂಡ ಮೇಲೆ ಒಮ್ಮೆ ತೆರೆದು, ಮೊದಲ ದೃಶ್ಯ ಬರುವವರೆಗೆ ನೋಡಿ, ನಂತರ ಸ್ಟೀಮನ್ನು ಆಫ್‌ಲೈನ್ ಮೋಡಿಗೆ ಹಾಕಿ, ವೈಫೈ ಆರಿಸಿ, ಮತ್ತೆ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಈ ಕೊನೆಯ ಪರೀಕ್ಷೆಯನ್ನು ಬಿಟ್ಟು ಊರಿಗೆ ಹೋಗಿ, ಲಾಗಿನ್ ಕೇಳುವ ಕಿಟಕಿಯ ಮುಂದೆ ಎರಡು ದಿನ ಕಳೆದದ್ದು ನನಗಾದ ಪಾಠ.

ಅನಿಮೆಗೂ ಇದೇ ಮಾತು. ಚಂದಾ ಕೊಟ್ಟ ಆ್ಯಪಿನಲ್ಲಿ ಡೌನ್‌ಲೋಡ್ ಸೌಲಭ್ಯವಿದ್ದರೆ ಮೂರ್ನಾಲ್ಕು ಕಂತು ತುಂಬಿಸಿಕೊಳ್ಳಿ. ಹಣ ಕೊಡಲು ಮನಸ್ಸಿಲ್ಲದವರಿಗೆ ಮ್ಯೂಸ್ ಏಷ್ಯಾದಂಥ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಿವೆ.

ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ ತನ್ನಿ. ಕರೆಂಟಿಲ್ಲದ ಸಂಜೆಯಲ್ಲಿ ವಿಷುಯಲ್ ನಾವೆಲ್‌ಗೆ ಒಂದು ಅನುಕೂಲವಿದೆ: ಪರದೆಯ ಮೇಲೆ ಚಲನೆ ಕಡಿಮೆಯಾದ್ದರಿಂದ ಬ್ಯಾಟರಿಯ ಮೇಲೆ ಭಾರವೂ ಕಡಿಮೆ, ಬೆಳಕನ್ನು ತಗ್ಗಿಸಿದರೆ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಸಿಡಿಲು ಹತ್ತಿರವಾದರೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ.

ನಾಲ್ಕನೆಯ ಹೆಜ್ಜೆ: ಓದುವ ಮೊದಲು ಹೊಂದಿಸಿಕೊಳ್ಳಿ, ಓದುವಾಗ ಉಳಿಸಿಕೊಳ್ಳಿ

ಹೊಸ ಕಥೆ ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ. ಅಕ್ಷರಗಳು ಟೈಪು ಮಾಡಿದಂತೆ ಒಂದೊಂದಾಗಿ ಬರುವ ವೇಗವನ್ನು ನಿಮ್ಮ ಓದಿಗಿಂತ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ. ಕಣ್ಣು ಅಕ್ಷರಕ್ಕಾಗಿ ಕಾಯುವಂತಾದರೆ ಬೇಗ ಆಯಾಸವಾಗುತ್ತದೆ. ಆಟೋ ಎಂಬ ಸೌಲಭ್ಯದಿಂದ ಸಾಲುಗಳು ತಾವಾಗಿಯೇ ಮುಂದುವರಿಯುತ್ತವೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಹಲಸಿನ ಹಪ್ಪಳ ಇರುವಾಗ ಇದು ಉಪಕಾರಿ. ಸಾಲುಗಳನ್ನು ಸರಸರನೆ ಓಡಿಸಿಬಿಡುವ ಸ್ಕಿಪ್ ಸೌಲಭ್ಯವನ್ನು ಈಗಾಗಲೇ ಓದಿದ ಸಾಲುಗಳಿಗಷ್ಟೇ ಸೀಮಿತಗೊಳಿಸಿ. ಇಲ್ಲದಿದ್ದರೆ ಕೈತಪ್ಪಿ ಒಂದು ಅಧ್ಯಾಯವೇ ಹಾರಿಹೋಗುತ್ತದೆ. ಹಿಂದಿನ ಮಾತುಗಳನ್ನು ಮತ್ತೆ ಓದಲು ಬ್ಯಾಕ್‌ಲಾಗ್ ಇದೆ. ಬಾಗಿಲಲ್ಲಿ ಯಾರೋ ಕೂಗಿದರೆಂದು ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದವರು ಅದನ್ನು ತೆರೆದು ಹತ್ತು ಸಾಲು ಹಿಂದಿನಿಂದ ಓದಿದರೆ ಕಥೆಯ ಎಳೆ ಮತ್ತೆ ಸಿಗುತ್ತದೆ. ಸಿನಿಮಾ ಆಗಲಿ ಅನಿಮೆ ಆಗಲಿ ನಿಮ್ಮನ್ನು ಬಿಟ್ಟು ಓಡುತ್ತದೆ, ನೀವು ಹಿಡಿದು ನಿಲ್ಲಿಸಬೇಕು. ವಿಷುಯಲ್ ನಾವೆಲ್ ನೀವು ಒತ್ತುವವರೆಗೆ ಅದೇ ಸಾಲಿನಲ್ಲಿ ನಿಂತಿರುತ್ತದೆ. ದಣಪೆ ದಾಟಿ ಯಾವಾಗ ಯಾರು ಬರುತ್ತಾರೋ ಹೇಳಲಾಗದ ನಮ್ಮ ಮನೆಗಳಿಗೆ ಇದು ಹೊಂದುತ್ತದೆ ಎಂದು ನಾನು ವಾದಿಸುವುದು ಮುಖ್ಯವಾಗಿ ಈ ಗುಣಕ್ಕಾಗಿ.

ಸೇವ್ ಮಾಡುವುದರ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳಬೇಕು, ಏಕೆಂದರೆ ನಾನು ಅತಿ ಹೆಚ್ಚು ನಷ್ಟ ಅನುಭವಿಸಿದ್ದು ಇದರಲ್ಲಿ. ಸ್ಟೈನ್ಸ್ ಗೇಟ್‌ನಲ್ಲಿ ಪರದೆಯ ಮೇಲೆ ನೇರ ಆಯ್ಕೆಗಳು ಬರುವುದಿಲ್ಲ. ನಾಯಕನ ಮೊಬೈಲನ್ನು ಯಾವಾಗ ತೆಗೆಯುತ್ತೀರಿ, ಬಂದ ಸಂದೇಶಕ್ಕೆ ಏನು ಉತ್ತರಿಸುತ್ತೀರಿ ಎಂಬುದರಿಂದ ಕಥೆ ತಿರುಗುತ್ತದೆ. ಅದರ ನಿಜವಾದ ಮುಕ್ತಾಯವಂತೂ ಕುರಿಸು ಎಂಬ ಪಾತ್ರದ ಸಂದೇಶಗಳಿಗೆ ಹಿಂದಿನ ಅಧ್ಯಾಯಗಳಲ್ಲಿ ಕೊಟ್ಟ ಉತ್ತರಗಳನ್ನು ಅವಲಂಬಿಸಿದೆ. ನಾನು ಆಗ ಹಳೆಯ ಡೆಸ್ಕ್‌ಟಾಪಿನಲ್ಲಿ, ಒಂದೇ ಸ್ಲಾಟಿನ (ಸೇವ್ ಇಡುವ ಜಾಗದ) ಮೇಲೆ ಮತ್ತೆ ಮತ್ತೆ ಸೇವ್ ಮಾಡುತ್ತ ಓದುತ್ತಿದ್ದೆ. ಕೆಲವು ಸಂದೇಶಗಳಿಗೆ ಉತ್ತರಿಸಿರಲೇ ಇಲ್ಲ. ಕೊನೆಗೆ ಬಂದು ನಿಂತಾಗ ಹಿಂದಿರುಗಲು ಒಂದೇ ಒಂದು ಹಳೆಯ ಮೈಲಿಗಲ್ಲೂ ಉಳಿದಿರಲಿಲ್ಲ. ಸಾಲದೆಂಬಂತೆ, ಮೊದಲಿನಿಂದ ಓದಲು ಶುರು ಮಾಡಿ ಎರಡು ಗಂಟೆ ಕಳೆದಾಗ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಆ ಕತ್ತಲೆಯಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾಗದು.

ಆದ್ದರಿಂದ ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಪ್ರತಿ ಆಯ್ಕೆಯ ಮುಂದೆ, ಏನನ್ನೂ ಒತ್ತುವ ಮೊದಲು, ಹೊಸ ಸ್ಲಾಟಿನಲ್ಲಿ ಸೇವ್ ಮಾಡುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ. ಪ್ರತಿ ಅಧ್ಯಾಯದ ಆರಂಭಕ್ಕೆ ಇನ್ನೊಂದು. ಮಳೆ ಜೋರಾಗಿರುವ ದಿನ ಹದಿನೈದು ನಿಮಿಷಕ್ಕೊಮ್ಮೆ. ಪಕ್ಕದಲ್ಲಿ ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡು, ಸ್ಲಾಟಿನ ಸಂಖ್ಯೆಯ ಎದುರು ಒಂದು ಸಾಲು ಬರೆಯುತ್ತೇನೆ: "7: ಮಾಡಿನ ಮೇಲೆ ಮಾತು, ಹೌದು ಅಂದೆ." ವಾರ ಬಿಟ್ಟು ಬಂದಾಗ ಪರದೆಯ ಪುಟ್ಟ ಚಿತ್ರಗಳೆಲ್ಲ ಒಂದೇ ರೀತಿ ಕಾಣುತ್ತವೆ, ಆಗ ಆ ಒಂದು ಸಾಲೇ ದಾರಿ ತೋರಿಸುವುದು.

ದಾರಿ ತೋರಿಸುವ ವಾಕ್‌ಥ್ರೂಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲ ಸಲ ಅವನ್ನು ನೋಡದೆ, ನಿಮಗೆ ಸರಿಯೆನಿಸಿದ್ದನ್ನು ಆರಿಸಿ, ಕೆಟ್ಟ ಮುಕ್ತಾಯ ಬಂದರೆ ಅದನ್ನೂ ಓದಿ. ಎರಡನೆಯ ಕವಲಿನಿಂದ ಮುಂದಕ್ಕೆ ಅವುಗಳ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ರಜೆ ಇರುವುದು ಎರಡೇ ದಿನ.

ಐದನೆಯ ಹೆಜ್ಜೆ: ಮಳೆಯ ಸದ್ದಿಗೆ ಸಿದ್ಧರಾಗಿ

ತಗಡಿನ ಮಾಡಿನ ಕೆಳಗೆ ಕೂತವರಿಗೆ ಜುಲೈನಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್ ಇದ್ದೂ ಇಲ್ಲದಂತೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ಆದರೆ ಮನೆಯವರು ಕರೆದದ್ದು ಕೇಳದೆ ಬೈಸಿಕೊಳ್ಳುವ ಸಂಭವವೂ ಅಷ್ಟೇ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು ಸಂಗೀತವನ್ನು ಸಣ್ಣಗೆ ಇಡುವುದು ನಾನು ಕಂಡುಕೊಂಡ ರಾಜಿ. ತೇವಕ್ಕೆ ಪರದೆಯೂ ಕೀಬೋರ್ಡೂ ಬೆವರುತ್ತವೆ, ಆಗಾಗ ಒಣಬಟ್ಟೆಯಿಂದ ಒರೆಸಿ. ಬೆಚ್ಚಗಿರಲೆಂದು ಒಲೆಯ ಹತ್ತಿರ ಮಾತ್ರ ಇಡಬೇಡಿ.

ಆರನೆಯ ಹೆಜ್ಜೆ: ಕಥೆ ಮೊದಲೋ ಅನಿಮೆ ಮೊದಲೋ

ಅನೇಕ ವಿಷುಯಲ್ ನಾವೆಲ್‌ಗಳು ಅನಿಮೆಯಾಗಿವೆ. ಸ್ಟೈನ್ಸ್ ಗೇಟ್ 2011ರಲ್ಲಿ 24 ಕಂತುಗಳಾಗಿ ಬಂತು, ಕ್ಲನ್ನಾಡ್ ಅನ್ನು ಕ್ಯೋಟೋ ಅನಿಮೇಶನ್ 2007ರಿಂದ ಸರಣಿಯಾಗಿ ಮಾಡಿತು, ಪ್ಲಾನೆಟೇರಿಯನ್ 2016ರಲ್ಲಿ ಐದು ಸಣ್ಣ ಕಂತುಗಳಾಯಿತು. ಮೊದಲು ಮೂಲವನ್ನೇ ಓದಬೇಕೆಂದು ಹಟ ಹಿಡಿಯುವ ಅಭಿಮಾನಿಗಳಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕಥೆ ಚಿಕ್ಕದಾಗಿದ್ದರೆ ಮೂಲವನ್ನೇ ಓದಿ. ದೀರ್ಘವಾಗಿದ್ದು ನಿಮ್ಮ ಬಳಿ ಒಂದೇ ವಾರಾಂತ್ಯವಿದ್ದರೆ ಅನಿಮೆಯ ಮೊದಲ ಮೂರು ಕಂತು ನೋಡಿ, ಪಾತ್ರಗಳು ಹಿಡಿಸಿದರೆ ಅಲ್ಲಿಗೆ ನಿಲ್ಲಿಸಿ ಓದಿಗೆ ಹೊರಳಿ. ಹತ್ತು ಗಂಟೆಯ ಅನಿಮೆಯಲ್ಲಿ ಕತ್ತರಿಸಿಹೋಗುವುದು ನಾಯಕನ ಮನಸ್ಸಿನೊಳಗಿನ ಮಾತು. ಮೂಲದ 30 ಗಂಟೆಯ ಬಹುಭಾಗ ಇರುವುದೇ ಅದರಲ್ಲಿ. ಪದ್ಯ ಮಾತ್ರ ಹಾಡಿ ಅರ್ಥ ಹೇಳದೆ ಬಿಟ್ಟರೆ ಪ್ರಸಂಗ ಬೇಗ ಮುಗಿಯುತ್ತದೆ, ಹೌದು.

ಮನೆಯವರ ಜೊತೆ ನೋಡುವುದಾದರೆ ಅನಿಮೆಯೇ ಸರಿ. ಮುಶಿಶಿಯ ಒಂದು ಕಂತನ್ನು ಅಮ್ಮನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ತೋರಿಸಿದ್ದೆ. ಅಮ್ಮ ಕಂತು ಮುಗಿಯುವವರೆಗೆ ಸುಮ್ಮನಿದ್ದು, "ಆ ವೈದ್ಯ ದುಡ್ಡೇ ತಗಳದಿಲ್ವ?" ಎಂದು ಕೇಳಿದರು. ಹೀಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರೆ 24 ನಿಮಿಷದ ಕಂತಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ, ಚೀಟಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಕೊನೆಯ ಹೆಜ್ಜೆ: ಭಾನುವಾರ ನಿಲ್ಲಿಸುವುದು

ಭಾನುವಾರ ಸಂಜೆ ಐದಕ್ಕೆ, ಕಥೆ ಎಷ್ಟೇ ಬಿಗಿಯಾದ ಜಾಗದಲ್ಲಿರಲಿ, ಒಂದು ಅಧ್ಯಾಯದ ಅಂಚು ನೋಡಿ ನಿಲ್ಲಿಸಿ. ರಾತ್ರಿ ಹನ್ನೆರಡರವರೆಗೆ ಎಳೆದು ಮುಗಿಸಿದ ಕಥೆಯ ಕೊನೆಯ ಒಂದು ಗಂಟೆಯಲ್ಲಿ ಏನಾಯಿತೆಂದು ಸೋಮವಾರದ ಬಸ್ಸಿನಲ್ಲಿ ನೆನಪಿಸಿಕೊಳ್ಳಲು ಹೋಗಿ ಸೋತಿದ್ದೇನೆ. ನಿಲ್ಲಿಸಿದ ಮೇಲೆ ಸೇವ್ ಇರುವ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಸ್ಟೀಮಿನ ಕ್ಲೌಡ್ ಸೌಲಭ್ಯ ಎಲ್ಲ ಕೃತಿಗಳಿಗೂ ಇರುವುದಿಲ್ಲ, ಇದ್ದರೂ ನೆಟ್‌ವರ್ಕ್ ಸಿಕ್ಕ ಮೇಲಷ್ಟೇ ಕೆಲಸ ಮಾಡುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಿ: ಈಗ ಯಾರು ಎಲ್ಲಿದ್ದಾರೆ, ನಿಮಗೆ ಯಾರ ಮೇಲೆ ಅನುಮಾನವಿದೆ. ಪೆನ್‌ಡ್ರೈವನ್ನು ಬಸ್ಸಿಗೆ ಒಯ್ಯುವ ಚೀಲದ ಒಳಜೇಬಿಗೆ ಹಾಕಿ; ಕೊಡೆ ಇಡುವ ಕಡೆ ಬೇಡ.